ನಡುವಿನ ಋಣ

ನನ್ನ ಗಂಡನ ವೈಕುಂಠ ಸಮಾರಾಧನೆ ಮುಗಿದು ನೆಂಟರೆಲ್ಲ ಹೋದ ಮರುದಿನ ಬೆಳಿಗ್ಗೆ ಅತ್ತೆಗೆ ಕಾಫಿ ಕೊಡಲು ಹೋದೆ. ಅವರು ಕುರ್ಚಿಯ ಸಮೇತ ಹಿಂದಕ್ಕೆ ಜಾರಿ ಗೋಡೆಗೆ ತಾಗಿದರು. ನಾನು ಅಡುಗೆಮನೆಯವರೆಗೆ ಜಾರಿದೆ.

ಅತ್ತೆಯೂ ನಾನೂ ಧನ ವಿದ್ಯುದಾವೇಶ, ಒಬ್ಬರನ್ನೊಬ್ಬರು ದೂಡುವವರು. ನನ್ನ ಗಂಡ ಶ್ರೀವತ್ಸ ಋಣ, ಅದೂ ನಮ್ಮ ಕಾಲುಭಾಗದಷ್ಟು. ಅವನು ಸರಿಯಾಗಿ ನಡುವೆ ಕೂತರೆ ನಮ್ಮ ಮೇಲಿನ ಒಟ್ಟು ಬಲ ಸೊನ್ನೆ. ನಾಲ್ಕು ವರ್ಷ ಹಾಗೇ ಊಟ ಮಾಡಿದ್ದೆವು.

“ಪುರೋಹಿತರು ಋಣ ತೀರಿತು ಅಂದಾಗ ಸುಮ್ಮನೆ ಮಾತಿಗೆ ಅಂದುಕೊಂಡಿದ್ದೆ,” ಅಂದರು ಅತ್ತೆ, ಗೋಡೆಯ ಬಳಿಯಿಂದ. “ಇನ್ನು ನೀನು ತವರಿಗೆ ಹೊರಟುಬಿಡ್ತೀಯೇನೇ?”

ನಾನು ಬೆಕ್ಕನ್ನು ತಂದು ನಡುವೆ ಕೂರಿಸಿದೆ. ಶ್ರೀವತ್ಸ ಆಸ್ಪತ್ರೆಗೆ ಸೇರುವ ಮುನ್ನ ಪಕ್ಕದ ಮನೆಯ ಫಿಲೋಮಿನಾ ಟೀಚರ್ ಹತ್ತಿರ ಕೇಳಿ ತಂದಿದ್ದ ಬೆಕ್ಕು. ಅದರ ಋಣವೂ ಕಾಲುಭಾಗವೇ. ಎರಡು ನಿಮಿಷ ಎಲ್ಲ ಸರಿಯಿತ್ತು. ಆಮೇಲೆ ಬೆಕ್ಕು ಹಾಲಿನ ವಾಸನೆಗೆ ಅತ್ತೆಯ ಕಡೆ ಸರಿಯಿತು. ಅತ್ತೆ ಕುರ್ಚಿಯ ಸಮೇತ ಬೆಕ್ಕಿನ ಕಡೆ ಹೊರಟರು.

“ಹಿಡಿಯೇ. ನನ್ನನ್ನಲ್ಲ, ಅದನ್ನ.”

ಬೆಕ್ಕು ಬೆದರಿ ಓಡಿತು. ಮತ್ತೆ ದೂರ ಜಾರುವಾಗ ಅತ್ತೆ ನನ್ನ ಸೆರಗು ಹಿಡಿದರು. ಸೆರಗು ಬಿಗಿಯಿತು, ಇಬ್ಬರೂ ನಿಂತೆವು.

“ಇದು ಹರಿಯುತ್ತೆ ಕಣೇ. ಗಟ್ಟಿ ಸೀರೆ ತಾ.”

ನನ್ನ ಧಾರೆ ಸೀರೆ ತಂದು ಒಂದು ತುದಿ ಅವರ ಸೊಂಟಕ್ಕೆ, ಇನ್ನೊಂದು ನನ್ನ ಸೊಂಟಕ್ಕೆ ಕಟ್ಟಿದೆ. ಕಾಫಿ ಕುಡಿದೆವು.

ಸಂಜೆ ಬೆಕ್ಕನ್ನು ಹಿಂದಿರುಗಿಸಲು ಹೋದೆವು. “ಇಟ್ಕೋಮ್ಮ, ನಿಮಗೆ ಋಣ ಬೇಕಲ್ಲ,” ಅಂದರು ಟೀಚರ್.

“ಬೇಡ ಟೀಚರ್, ಕಟ್ಟಿಕೊಂಡಿದ್ದೀವಿ,” ಅಂದು ಬೆಕ್ಕನ್ನು ಅವರ ಕೈಗಿಟ್ಟೆ.

ಹಿಂದೆ, ಸೀರೆಯ ಆ ತುದಿಯಲ್ಲಿ, ಅತ್ತೆ ಗೇಟಿನ ಹೊರಗೇ ನಿಂತು ಬೆಕ್ಕಿಗೆ ಬೈಯುತ್ತಿದ್ದರು.