ಕಡಲಿಗೆ ಚಾಚಿದ ಸರ್ವನಾಮ

ಗಂಗೊಳ್ಳಿಯ ಶಾಲೆಯಲ್ಲಿ ಇಂಗ್ಲಿಷ್ ಪಾಠದ ಹೊತ್ತಿಗೆ ಕಿಟಕಿಗಳನ್ನೆಲ್ಲ ತೆರೆದಿಡುವುದು ವಾಡಿಕೆ. ಸರ್ವನಾಮವನ್ನು ಸರಿಯಾಗಿ ಬರೆದರೆ ಅದರಿಂದ ಬೆಳಕಿನ ಎಳೆಯೊಂದು ಹೊರಟು, ಅದು ಸೂಚಿಸುವ ಜೀವ ಎಲ್ಲಿದ್ದರೂ ಹೋಗಿ ಮುಟ್ಟುತ್ತಿತ್ತು. ಲಿಂಗವೋ ವಚನವೋ ತಪ್ಪಿದರೆ, ಅಥವಾ ಆ ಜೀವವೇ ಇಲ್ಲವಾಗಿದ್ದರೆ, ಎಳೆ ಹೊರಡುತ್ತಿರಲಿಲ್ಲ.

ಮೂವತ್ತು ವರ್ಷ ವ್ಯಾಕರಣ ಕಲಿಸಿದ್ದ ಫ್ಲೋರಿನ್ ಟೀಚರಿಗೆ ಅದೆಲ್ಲ ಮಾಮೂಲು. ಆದರೆ ಆ ಬೆಳಿಗ್ಗೆ ಮಾಲತಿ ಖಾರ್ವಿ ಹಲಗೆಯ ಮೇಲೆ ತಾನೇ ಬರೆಯುತ್ತೇನೆಂದು ಎದ್ದು ಬಂದಾಗ ಅವರು ಸೀಮೆಸುಣ್ಣ ಕೊಡಲು ಹಿಂಜರಿದರು. ಹುಡುಗಿಯ ಅಪ್ಪ, ಚಿಕ್ಕಪ್ಪ ಇಬ್ಬರೂ ಮೀನಿಗೆ ಹೋಗಿ ಆರು ದಿನವಾಗಿತ್ತು, ದೋಣಿಯ ಸುಳಿವಿರಲಿಲ್ಲ. ‘ಅಪ್ಪ ಮತ್ತು ಚಿಕ್ಕಪ್ಪ ಕಡಲಿಗೆ ಹೋದರು’ ಎಂದು ಇಂಗ್ಲಿಷಿನಲ್ಲಿ ಬರೆದು ಅವಳು ನಿಂತುಬಿಟ್ಟಳು.

“ಟೀಚರ್, ಮುಂದೆ ‘ಹೀ’ ಬರೀಕಾ, ‘ದೇ’ ಬರೀಕಾ? ಒಬ್ರೇ ಉಳ್ದಿರೆ?”

“ಇಬ್ರೂ ಹೋದದ್ದಲ್ದಾ ಮಗಾ? ‘ದೇ’ ಅಂತ್ಲೇ ಬರಿ,” ಎಂದು ಟೀಚರು ಅವಳ ಹೆಗಲ ಮೇಲೆ ಕೈಯಿಟ್ಟರು.

ಮಾಲತಿ ಬರೆದಳು. ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಆ ಪುಟ್ಟ ಪದ ನಿಧಾನವಾಗಿ ಬೆಳಗಿತು. ಅದರಿಂದ ಹೊರಟ ಎಳೆ ಕಿಟಕಿ ದಾಟಿ, ತೆಂಗಿನ ಮರಗಳ ಮೇಲೆ ಹಾದು, ಕಣ್ಣು ಹಾಯುವಷ್ಟು ದೂರ ಕಡಲಿನ ಮೇಲೆ ಚಾಚಿಕೊಂಡಿತು. ದಡದಲ್ಲಿದ್ದವರು ಕೂಗುತ್ತಾ ದೋಣಿಗಳನ್ನು ನೂಕಿ, ಆ ಬೆಳಕಿನ ಜಾಡು ಹಿಡಿದು ಹೊರಟರು.

“ಟೀಚರ್, ಅದನ್ನ ಒರ್ಸ್‌ಬೇಡಿ,” ಎಂದಳು ಮಾಲತಿ.

ಟೀಚರು ಊಟಕ್ಕೂ ಏಳದೆ ಹಲಗೆಯ ಪಕ್ಕದಲ್ಲೇ ಕೂತರು. ತಾವು ಇಷ್ಟು ವರ್ಷ ಕಲಿಸಿದ್ದನ್ನು ಇವತ್ತೇ ಮೊದಲು ಕಾಣುತ್ತಿರುವಂತೆ ಅವರು ಬೆರಗಾಗಿ ನೋಡುತ್ತಿದ್ದರು. ಸಂಜೆಯ ಹೊತ್ತಿಗೆ, ಬೆಳಕು ಮಂಕಾಗದೆಯೇ, ಕಡಲಿನ ಕಡೆಯ ತುದಿ ದಡದತ್ತ ಸರಿಯುತ್ತಾ, ಎಳೆ ಸ್ವಲ್ಪ ಸ್ವಲ್ಪವೇ ಗಿಡ್ಡವಾಗತೊಡಗಿತು.