ನಕ್ಕೋ

ಗೋಲ್ಕೊಂಡಾ ಕೋಟೆಯ ಹೆಬ್ಬಾಗಿಲ ಗುಮ್ಮಟದಡಿ ನಿಂತು ಚಪ್ಪಾಳೆ ತಟ್ಟಿದರೆ ಬೆಟ್ಟದ ತುದಿಯಲ್ಲಿ ಕೇಳಿಸುತ್ತದಂತೆ. ಪರೀಕ್ಷೆ ಮಾಡಬೇಕಾದರೆ ತಟ್ಟುವುದಕ್ಕೊಬ್ಬರು, ಕೇಳುವುದಕ್ಕೊಬ್ಬರು ಬೇಕು. ಕೌಶಲ್ ಒಬ್ಬನೇ ಬಂದಿದ್ದ.

ಒಂದು ಕೈಯಲ್ಲಿ ಚಪ್ಪಾಳೆಯಾಗದು ಅಂತಾರೆ. ಇಲ್ಲಿ ಎರಡು ಕೈಯಿದ್ದರೂ ಸಾಲದಲ್ಲ ಎಂದು ಅವನಿಗೆ ಹೊಳೆಯಿತು. ಒಳ್ಳೆಯ ಮಾತು! ಹೇಳೋಣವೆಂದರೆ ಪಕ್ಕದಲ್ಲಿ ಯಾರಿದ್ದಾರೆ? ಸಾಫ್ಟ್‌ವೇರ್ ಕೆಲಸವೆಂದು ಮೈಸೂರು ಬಿಟ್ಟು ಮಣಿಕೊಂಡದ ರೂಮು ಸೇರಿದಾಗಿನಿಂದ ಇಂಥ ಮಾತುಗಳೆಲ್ಲ ನಾಲಿಗೆಯ ಮೇಲೇ ಕರಗಿಹೋಗುತ್ತಿದ್ದವು. ಆಫೀಸಿನ ತೆಲುಗಿನವನೊಬ್ಬ ಮನೆ ಎಲ್ಲಿ ಎನ್ನಲು "ಮೀ ಇಲ್ಲು ಎಕ್ಕಡ?" ಎಂದಾಗ, "ನಮ್ಮ ಇಲ್ಲು ಇಲ್ಲಿ ಇಲ್ಲ" ಎಂದಿದ್ದ. ಯಾರೂ ನಗಲಿಲ್ಲ. ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದ ಮೇಲೆ, ಪಾಪ, ತಲೆಯಾಡಿಸಿದರು.

ಗುಮ್ಮಟದ ಪಕ್ಕದ ಕಲ್ಲಿನ ಮೇಲೆ ಬುರ್ಖಾದ ಮುಸುಕನ್ನು ಹಿಂದೆ ಸರಿಸಿಕೊಂಡು ಒಬ್ಬ ಅಜ್ಜಿ ಕೂತಿದ್ದಳು. ಸುತ್ತ ಟಿಫಿನ್ ಬ್ಯಾಗುಗಳು. ಕೌಶಲ್ ಸ್ಕೂಲಿನ ಹಿಂದಿಯನ್ನೆಲ್ಲ ಒಟ್ಟುಗೂಡಿಸಿ, "ಅಮ್ಮಾ, ಮೈಂ ಊಪರ್ ಜಾತಾ. ಆಪ್ ಇದರ್ ತಾಲಿ ಬಜಾತೇ ಕ್ಯಾ?" ಎಂದು ಕೈತಟ್ಟಿ ತೋರಿಸಿದ.

"ನಕ್ಕೋ ಬೇಟಾ, ನಕ್ಕೋ."

ಕನ್ನಡ! ನಗು ಮಗನೇ ಎನ್ನುತ್ತಿದ್ದಾಳೆ! ಅದು ಇವರ ಭಾಷೆಯಲ್ಲಿ 'ಬೇಡ' ಎಂದು ನೆನಪಾಗುವಷ್ಟರಲ್ಲಿ ಅವನು ನಕ್ಕಾಗಿತ್ತು.

"ಕೈಕು ಹಸ್ತಾ ರೇ?" ಅಜ್ಜಿ ಹುಬ್ಬು ಗಂಟಿಕ್ಕಿದಳು.

ಯಾಕೆ ನಕ್ಕೆನೆಂದು ಅವನು ತಡವರಿಸುತ್ತ ಹೇಳಿದ. ನಮ್ಮ ಭಾಷೆಯಲ್ಲಿ ನಕ್ಕೋ ಅಂದರೆ ನಗು ಅಂತ.

"ಹೌ?" ಎಂದಳು. ಅದೂ ಅರ್ಧ ಕನ್ನಡವೇ! ಅಜ್ಜಿ ಒಂದು ಗಳಿಗೆ ಯೋಚಿಸಿ, ಬೆಟ್ಟದತ್ತ ಕೈ ತೋರಿಸಿದಳು. ಮಂಡಿ ನೋವೆಂದು ಅವಳನ್ನು ಇಲ್ಲಿ ಕೂರಿಸಿ ಮನೆಯವರೆಲ್ಲ ಮೇಲೆ ಹೋಗಿದ್ದರು. "ಬೇಟಾ ಬೋಲ್ತಾ ನಕ್ಕೋ. ಬಹೂ ಬೋಲ್ತೀ ನಕ್ಕೋ. ಕಹಾನಿ ಸುನಾತೂಂ ಬೋಲೇ ತೋ ಪೋತಿ ಭೀ ಬೋಲ್ತೀ ನಕ್ಕೋ!"

ಕಾಲೇಜಿನಲ್ಲಿ ಮಿಮಿಕ್ರಿ ಮಾಡುತ್ತಿದ್ದ ಕೌಶಲ್‌ಗೆ ಇಷ್ಟು ಸಾಕು. ಪೇಪರಿನಿಂದ ತಲೆಯೆತ್ತದ ಮಗನ ದಪ್ಪ ದನಿಯ ನಕ್ಕೋ. ಮೂಗಿನಲ್ಲೇ ಮುಗಿಯುವ ಸೊಸೆಯ ನಕ್ಕೋ. ಅಜ್ಜಿಯ ಕಥೆ ಬೇಡವೆಂದು ಟಿವಿಯ ಮುಂದೆ ಕೂತ ಮೊಮ್ಮಗಳ ಎಳೆದೆಳೆದ ನಕ್ಕೋ... ಅಜ್ಜಿ ನಕ್ಕಳು, ಕೆಮ್ಮಿದಳು, ಮುಸುಕಿನ ಅಂಚಿನಲ್ಲಿ ಕಣ್ಣೊರೆಸಿಕೊಂಡಳು. "ಬಿಲ್ಕುಲ್ ವೈಸಾಚ್!" ಥೇಟ್ ಹಾಗೇ ಅಂತೆ. ಹಾಗಾದರೆ ನಿನ್ನ ಊರಿನವರ ಲೆಕ್ಕದಲ್ಲಿ ನಮ್ಮ ಮನೆಯಲ್ಲಿ ದಿನವಿಡೀ ನಗುವೇ ನಗು, ಅಲ್ಲವೇನೋ ಎಂದಳು.

ಊರು ಬಿಟ್ಟ ಮೇಲೆ ಕೌಶಲ್ ಒಬ್ಬರನ್ನು ನಗಿಸಿದ್ದು ಇದೇ ಮೊದಲು.

"ಜಾ, ಊಪರ್ ಜಾ. ಬಜಾತೂಂ." ಗುಂಪಿನ ಗದ್ದಲದಲ್ಲಿ ತನ್ನ ಚಪ್ಪಾಳೆ ಗೊತ್ತಾಗಲೆಂದು ಅಜ್ಜಿಯೇ ಗುರುತು ಮಾಡಿಕೊಟ್ಟಳು. ಒಮ್ಮೆ ತಟ್ಟಿ, ತುಸು ತಡೆದು, ಇನ್ನೊಮ್ಮೆ. ನಕ್... ಕೋ.

ಮೆಟ್ಟಿಲ ಅರ್ಧದಲ್ಲಿ ಹಸಿರು ಕೊಡೆ ಹಿಡಿದ ಹೆಂಗಸೊಬ್ಬಳು ಗಂಡನೊಂದಿಗೆ ಇಳಿದು ಬರುತ್ತಿದ್ದಳು. "ಜಲ್ದಿ ಚಲೋ, ನೀಚೇ ಅಮ್ಮಿ ಅಕೇಲೀ ಹೈ," ಕೆಳಗೆ ಅಮ್ಮಿ ಒಬ್ಬಳೇ ಎಂದು ಮೂಗಿನಲ್ಲೇ ಮಗಳನ್ನು ಅವಸರಿಸಿದಳು. ಅರೆ, ತಾನು ಮಾಡಿ ತೋರಿಸಿದ ಸೊಸೆಯ ದನಿಯೇ! ನಗು ನುಂಗಿಕೊಂಡು ಕೌಶಲ್ ಮೆಟ್ಟಿಲನ್ನು ಎರಡೆರಡಾಗಿ ಏರತೊಡಗಿದ.

ತುದಿಯಲ್ಲಿ ಗೋಡೆಗೆ ಎದೆಯಾನಿಸಿ ಕಿವಿಗೊಟ್ಟ. ಯಾರು ಯಾರದೋ ಚಪ್ಪಾಳೆಗಳು. ಅವುಗಳ ನಡುವೆ, ಸಣ್ಣಗೆ, ನಕ್... ಕೋ. ಅವನು ಜೋರಾಗಿ ನಕ್ಕುಬಿಟ್ಟ. ಪಕ್ಕದವರು ತಿರುಗಿ ನೋಡಿದರು. ಮತ್ತೆ ನಕ್... ಕೋ. ಅವನೂ ಹಾಗೇ ಮರುತಟ್ಟಿದ. ಅಷ್ಟು ಕೆಳಗೆ ಅವಳಿಗೆ ಕೇಳಿಸಿತೋ ಇಲ್ಲವೋ.

ಕೆಳಗೆ ಹೆಬ್ಬಾಗಿಲ ಹತ್ತಿರ ಹಸಿರು ಚುಕ್ಕೆಯೊಂದು ಬಂದು ನಿಂತಿತು.

ನಕ್...

ಕೌಶಲ್ ಕಾದ. ಹಸಿರು ಚುಕ್ಕೆ ರಸ್ತೆಯ ಕಡೆ ಸರಿಯಿತು. ಯಾರದೋ ಗುಂಪು ಒಟ್ಟಿಗೆ ಚಪ್ಪಾಳೆ ತಟ್ಟಿ ಕೇಕೆ ಹಾಕಿತು. ಅದು ಅವನಿಗಲ್ಲ.

"ಫೋಟೋ, ಸಾರ್? ಅಕೇಲಾ ಫೋಟೋ?" ಕ್ಯಾಮೆರಾ ತೂಗುಹಾಕಿಕೊಂಡ ಫೋಟೋದವನು ಬಂದು ನಿಂತ.

"ನಕ್ಕೋ," ಎಂದ ಕೌಶಲ್. ಯಾವ ಭಾಷೆಯಲ್ಲಿ ಎಂದು ಅವನಿಗೇ ತಿಳಿಯಲಿಲ್ಲ.