ಗಾರೆ ತುಂಬಿದ ಹಲಸು

ಮರದ ತಪಾಸಣೆಯ ವರದಿಯಲ್ಲಿ ‘ಕಾರಣ’ ಎಂಬ ಕಡೆ ಏನು ಬರೆಯುವುದು? ಹಲಸಿನ ಬುಡದಲ್ಲಿ ಮಂಡಿಯೂರಿ ಕೂತ ಮುಬಶ್ಶಿರ್‌ನ ಪೆನ್ನು ಮುಂದೆ ಸಾಗಲಿಲ್ಲ. ಅರಣ್ಯಶಾಸ್ತ್ರ ಓದಿ, ಮರಗಳ ಆರೋಗ್ಯ ನೋಡುವುದನ್ನೇ ಕಸುಬು ಮಾಡಿಕೊಂಡವನು ಅವನು. ಉತ್ತರ ಕಣ್ಣೆದುರಿಗೇ ಇತ್ತು. ಕಾಂಡದ ಪೊಟರೆಗೆ ಯಾರೋ ಸಿಮೆಂಟ್ ತುಂಬಿ ಗೋಡೆಯಂತೆ ನುಣ್ಣಗೆ ಸವರಿದ್ದರು. ಅಂಚಿನಲ್ಲಿ ಇಳಿದ ಮಳೆನೀರು ಹೊರಬರಲು ದಾರಿಯಿಲ್ಲದೆ ಒಳಗೊಳಗೇ ಮರವನ್ನು ಕೊಳೆಸಿತ್ತು. ಪಕ್ಕದಲ್ಲಿ ತಟ್ಟಿದರೆ ಟೊಳ್ಳು ಸದ್ದು.

“ನಮ್ಮನೋರು ತುಂಬಿದ್ದು,” ಎಂದರು ಮನೆಯೊಡತಿ ಪಟಾಲಮ್ಮ. “ಬಾಗಲಗುಂಟೇಲಿ ಅವರಂಥ ಗಾರೆ ಮೇಸ್ತ್ರಿ ಇರ್ಲಿಲ್ಲ ಕಣಪ್ಪಾ. ಅಲ್ಲು ತೂತಾದ್ರೆ ಡಾಕ್ಟ್ರು ತುಂಬಲ್ವಾ, ಇಂಗೇ ತುಂಬ್ತೀನಿ ಅಂದ್ರು. ಎದೆನೋವಿದ್ರೂ ಯಾರ್ ಕೈಗೂ ಕರಣೆ ಕೊಡ್ಲಿಲ್ಲ. ಅದೇ ಅವರ ಕೊನೇ ಕೆಲ್ಸ.”

ಸಿಮೆಂಟಿನ ಮೇಲೆ ಐದು ಬೆರಳುಗಳ ಗುರುತು. ಅದರ ಮೇಲೆ ಅವತ್ತಿನ ಅರಿಶಿನ, ಕುಂಕುಮ.

ಮಗ ಅಶ್ವತ್ಥ್ ಗೇಟಿನ ಬಳಿಯೇ ನಿಂತಿದ್ದ. “ಸರ್, ಬೀಳತ್ತಾ ಇಲ್ವಾ, ಒಂದೇ ಮಾತಲ್ಲಿ ಹೇಳ್ಬಿಡಿ. ಆ ಕಡೆ ಶೀಟ್ ಮನೇಲಿ ಮಕ್ಕಳಿದಾರೆ. ಕಡಿಯೋರಿಗೆ ನಾಳೆ ಬನ್ನಿ ಅಂದಿದೀನಿ.”

“ಕಡಿಯೋದ್ ಬೇಡ. ಆ ಕಡೆ ವಾಲಿರೋ ಎರಡು ಕೊಂಬೆ ಇಳಿಸಿದ್ರೆ ನಿಲ್ಲತ್ತೆ. ಆದ್ರೆ...” ಮುಬಶ್ಶಿರ್ ಪೊಟರೆಯತ್ತ ಕೈ ತೋರಿದ. “ಈ ಸಿಮೆಂಟ್ ತೆಗೀಬೇಕಮ್ಮಾ.”

ಪಟಾಲಮ್ಮನ ಅಂಗೈ ಬೆರಳುಗಳ ಗುರುತನ್ನು ಮುಚ್ಚಿಕೊಂಡಿತು. “ಯಾಕೆ? ಅದಿರೋದಕ್ಕೇ ತಾನೆ ಮರ ನಿಂತಿರೋದು?”

ಅವನು ಆ ಕೈಯನ್ನು ನೋಡಿದ. ಉಗುರುಗಳಿಗೆ ಅರಿಶಿನ ಹತ್ತಿತ್ತು.

“ಇಷ್ಟು ವರ್ಷ ಇತ್ತಲ್ಲಮ್ಮಾ, ಈಗ ಸಡಿಲ ಆಗಿದೆ. ಹಲ್ಲಿಗೆ ತುಂಬಿದ್ದೂ ಹಂಗೇ ಅಲ್ವಾ? ಹಳೇದಾದ್ರೆ ತೆಗೀಲೇಬೇಕು.”

ಆಕೆ ಗುರುತಿನ ಅಂಚನ್ನು ಬೆರಳಿಂದ ಸವರಿದರು. ಆಮೇಲೆ, “ಬೆರಳು ಒಡೀದಂಗೆ ತೆಗೀತೀಯಾ?” ಎಂದರು.

“ತೆಗೀತೀನಿ.”

ಉಳಿ ಹಿಡಿದು ಮಧ್ಯಾಹ್ನದವರೆಗೆ ಬಿಡಿಸಿದ. ಬೆರಳುಗಳ ಗುರುತಿದ್ದ ಸಿಮೆಂಟಿನ ತುಂಡು ಇಡಿಯಾಗಿಯೇ ಬಂತು. ಅದರ ಬೆನ್ನಿಗೆ ಮೆತ್ತಿದ್ದ ಕಪ್ಪು ಕೊಳೆಯನ್ನು ಅಂಗಿಯ ತೋಳಿನಲ್ಲಿ ಒರೆಸಿ, ಪಟಾಲಮ್ಮನ ಕೈಗೆ ಕೊಟ್ಟ. ಆಕೆ ಅದನ್ನು ಸೆರಗಿನಲ್ಲಿ ಎತ್ತಿಕೊಂಡರು.

ಅಶ್ವತ್ಥ್ ಪೊಟರೆಯೊಳಗೆ ಇಣುಕಿದ. ಮುಬಶ್ಶಿರ್‌ನ ಮುಖ ನೋಡಿದ. ಒಳಗಿನ ಕೊಳೆ ತಾಯಿಗೆ ಕಾಣದ ಹಾಗೆ ಪೊಟರೆಗೆ ಅಡ್ಡವಾಗಿ ನಿಂತ.

ಮುಬಶ್ಶಿರ್ ಕಾರಣದ ಕಡೆ ‘ವಯಸ್ಸು’ ಎಂದು ಬರೆದ. ಮರವನ್ನು ಕೊಳೆಸಿದ್ದು ಆ ಮೇಸ್ತ್ರಿಯ ಕೈಯೇ ಎಂದು ಅವನು ಎಂದೂ ಹೇಳಲಿಲ್ಲ.